ಕೊಳವೆಯೊಳಗೆ ಇಳಿದು ನೋಡಿದ ಕಾನ್ರಾಡ್ ಶ್ಲುಂಬರ್ಜೆ

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಸೀಮೆಯ ತೆಂಗಿನ ತೋಟಗಳಲ್ಲಿ ಕೊಳವೆಬಾವಿಯ ಜಾಗ ಗುರುತಿಸಲು ಬರುವ ಭೂವಿಜ್ಞಾನಿಗಳು ನಾಲ್ಕು ಲೋಹದ ಗೂಟಗಳನ್ನು ಒಂದೇ ಸಾಲಿನಲ್ಲಿ ನೆಲಕ್ಕೆ ಬಡಿದು, ಅವಕ್ಕೆ ತಂತಿ ಜೋಡಿಸಿ, ಪೆಟ್ಟಿಗೆಯೊಂದರಲ್ಲಿ ಮೂಡುವ ಅಂಕಿಗಳನ್ನು ಬರೆದುಕೊಳ್ಳುವುದು ನಮ್ಮ ರೈತರಿಗೆ ಹೊಸ ದೃಶ್ಯವೇನಲ್ಲ. ಒಳಗಿನ ಎರಡು ಗೂಟಗಳು ಬಹುಮಟ್ಟಿಗೆ ಇದ್ದಲ್ಲೇ ಇರುತ್ತವೆ. ಹೊರಗಿನ ಎರಡನ್ನು ಹಂತ ಹಂತವಾಗಿ ದೂರ ಒಯ್ಯಲಾಗುತ್ತದೆ. ಗೂಟಗಳ ಅಂತರ ಹೆಚ್ಚಿದಷ್ಟೂ ವಿದ್ಯುತ್ತು ಹೆಚ್ಚು ಆಳದ ಶಿಲೆಯನ್ನು ಹಾದು ಬರುತ್ತದೆ ಎಂಬುದು ಇದರ ತತ್ತ್ವ. ಈ ಜೋಡಣೆಯನ್ನು ವರದಿಗಳಲ್ಲಿ ಶ್ಲಂಬರ್ಜರ್ ವಿಧಾನ ಎಂದು ನಮೂದಿಸಿರುತ್ತಾರೆ. ಅದು ಯಾವುದೋ ಯಂತ್ರದ ಹೆಸರೆಂದು ತಿಳಿದವರೇ ಹೆಚ್ಚು. ಪತ್ರಿಕೆಗಳ ವಾಣಿಜ್ಯ ಪುಟ ಓದುವವರಿಗೆ ಅದೊಂದು ಬೃಹತ್ ತೈಲಸೇವಾ ಕಂಪನಿಯ ಹೆಸರು. 2022ರಲ್ಲಿ ಆ ಕಂಪನಿ ಅದನ್ನೂ ಮೂರು ಇಂಗ್ಲಿಷ್ ಅಕ್ಷರಗಳಿಗೆ ಮೊಟಕುಗೊಳಿಸಿತು. ವಾಸ್ತವದಲ್ಲಿ ಅದು ಭೌತಶಾಸ್ತ್ರದ ಒಬ್ಬ ಮೇಷ್ಟರ ಮನೆತನದ ಹೆಸರು. ಫ್ರೆಂಚರ ಬಾಯಲ್ಲಿ ಶ್ಲುಂಬರ್ಜೆ.

ಕಾನ್ರಾಡ್ ಶ್ಲುಂಬರ್ಜೆಯವರ ಬದುಕನ್ನು ಇಲ್ಲಿ ನೆನೆಯುವುದಕ್ಕೆ ನನಗೆ ಕಾರಣವಿದೆ. ಅವರು ಜಗತ್ತಿಗೆ ಎರಡು ಸಂಗತಿಗಳನ್ನು ಕೊಟ್ಟರು. ಮೊದಲನೆಯದು, ನೆಲದ ಮೇಲೆ ನಿಂತು ಒಳಗಿರುವುದನ್ನು ಅಂದಾಜು ಮಾಡುವ ವಿಧಾನ. ಎರಡನೆಯದು, ಕೊರೆದ ಬಾವಿಯೊಳಕ್ಕೆ ಉಪಕರಣ ಇಳಿಸಿ, ಅಲ್ಲಿನ ಶಿಲೆಯ ಗುಣವನ್ನು ಅಳೆದು, ಕಾಗದದ ಮೇಲೆ ದಾಖಲಿಸುವ ವಿಧಾನ. ಚಿತ್ರದುರ್ಗ ಜಿಲ್ಲೆ ಮೊದಲನೆಯದನ್ನು ಒಪ್ಪಿಕೊಂಡಿತು. ಎರಡನೆಯದು ನಮ್ಮ ರೈತನ ಹೊಲದವರೆಗೆ ಬರಲೇ ಇಲ್ಲ.

ಕಾನ್ರಾಡ್ ಹುಟ್ಟಿದ್ದು 1878ರ ಅಕ್ಟೋಬರ್ 2ರಂದು, ಅಲ್ಸಾಸ್ ಪ್ರಾಂತ್ಯದ ಗೆಬ್ವಿಲೇರ್ ಎಂಬ ಜವಳಿ ಪಟ್ಟಣದಲ್ಲಿ. 1871ರ ಯುದ್ಧದ ಬಳಿಕ ಆ ಪ್ರಾಂತ್ಯ ಜರ್ಮನಿಯ ಪಾಲಾಗಿತ್ತು. ತಂದೆ ಪಾಲ್ ಜವಳಿ ಉದ್ಯಮಿಗಳ ಮನೆತನದವರು, ವಿಜ್ಞಾನದಲ್ಲಿ ಅಪಾರ ಕುತೂಹಲವಿದ್ದವರು. ತಾಯಿ ಮಾರ್ಗರಿತ್ ದ ವಿತ್, ಫ್ರಾನ್ಸಿನ ಇತಿಹಾಸಕಾರ ಹಾಗೂ ಪ್ರಧಾನಿ ಗಿಜೋ ಅವರ ಮೊಮ್ಮಗಳು. ಮುಂದೆ ಫ್ರಾನ್ಸಿನಲ್ಲಿ ಮಹಿಳೆಯರ ಮತದಾನದ ಹಕ್ಕಿಗಾಗಿ ನಡೆದ ಚಳವಳಿಯ ಮುಂದಾಳು. ಒಬ್ಬ ಅಣ್ಣ ಜಾನ್ ಸಾಹಿತಿಯಾಗಿ ಆಂದ್ರೆ ಜೀದ್ ಅವರ ಗೆಳೆಯರ ಬಳಗ ಸೇರಿದರು. ಆರು ವರ್ಷ ಕಿರಿಯ ತಮ್ಮ ಮಾರ್ಸೆಲ್ ಎಂಜಿನಿಯರ್. ಕಾನ್ರಾಡ್ ಪ್ಯಾರಿಸ್ಸಿನ ಪಾಲಿಟೆಕ್ನಿಕ್‌ನಲ್ಲಿ ಓದಿ, ಗಣಿ ವಿದ್ಯಾಲಯದಲ್ಲಿ ತರಬೇತಿ ಪಡೆದು, 1907ರಲ್ಲಿ ಅದೇ ಗಣಿ ವಿದ್ಯಾಲಯದಲ್ಲಿ ಭೌತಶಾಸ್ತ್ರದ ಅಧ್ಯಾಪಕರಾದರು.

ಗಣಿಯವರಿಗೆ ಭೌತಶಾಸ್ತ್ರ ಹೇಳುವ ಮೇಷ್ಟರಿಗೆ ಸಹಜವಾಗಿ ಹುಟ್ಟಬಹುದಾದ ಪ್ರಶ್ನೆಯೇ ಅವರಿಗೂ ಹುಟ್ಟಿತು. ಅದಿರು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುತ್ತದೆ, ಸುತ್ತಲಿನ ಕಲ್ಲು ಹರಿಯಗೊಡುವುದಿಲ್ಲ. ಹಾಗಾದರೆ ಅಗೆಯದೆಯೇ ಅದಿರಿನ ಸುಳಿವು ಹಿಡಿಯಬಹುದಲ್ಲವೇ? 1911ರ ಹೊತ್ತಿಗೆ ವಿದ್ಯಾಲಯದ ನೆಲಮಾಳಿಗೆಯಲ್ಲಿ ತಾಮ್ರದ ಸ್ನಾನದ ತೊಟ್ಟಿಯೊಂದಕ್ಕೆ ಮರಳು ತುಂಬಿ, ಅದರೊಳಗೆ ಬೇರೆ ಬೇರೆ ವಸ್ತುಗಳನ್ನು ಹೂತು, ವಿದ್ಯುತ್ ಹರಿಸಿ ನೋಡತೊಡಗಿದರು. 1912ರಲ್ಲಿ ನಾರ್ಮಂಡಿಯ ವಾಲ್-ರಿಶೇರ್ ಎಂಬಲ್ಲಿದ್ದ ಕುಟುಂಬದ ಎಸ್ಟೇಟಿನಲ್ಲಿ ಅದೇ ಪ್ರಯೋಗವನ್ನು ಬಯಲಲ್ಲಿ ನಡೆಸಿ, ಸಮಾನ ವಿಭವದ ಬಿಂದುಗಳನ್ನು ಜೋಡಿಸಿದ ರೇಖೆಗಳ ನಕ್ಷೆ ಬರೆದರು. ನೆಲ ಏಕರೂಪವಾಗಿದ್ದರೆ ಆ ರೇಖೆಗಳು ಕ್ರಮಬದ್ಧವಾಗಿ ಹರಡುತ್ತವೆ. ಅಡಿಯಲ್ಲಿ ಅದಿರೋ ಬೇರೆ ಜಾತಿಯ ಶಿಲೆಯೋ ಇದ್ದರೆ ಡೊಂಕಾಗುತ್ತವೆ. ಆ ಡೊಂಕನ್ನು ಓದುವುದೇ ವಿದ್ಯೆ. ಮೊದಲ ಮಹಾಯುದ್ಧ ಆರಂಭವಾಗುವ ಮೊದಲೇ ಸರ್ಬಿಯಾದ ಬೋರ್ ಎಂಬಲ್ಲಿ ತಾಮ್ರದ ಅದಿರಿನ ಅನ್ವೇಷಣೆಯಲ್ಲಿ ವಿದ್ಯುತ್ ಮಾಪನ ತನ್ನ ಉಪಯೋಗವನ್ನು ತೋರಿಸಿಕೊಟ್ಟಿತು. ಅಲ್ಲಿ ಅವರು ಆಧರಿಸಿದ್ದು ಸಲ್ಫೈಡ್ ಅದಿರು ನೆಲದಡಿಯಲ್ಲಿ ತಾನಾಗಿಯೇ ಹುಟ್ಟಿಸುವ ಸಣ್ಣ ವಿದ್ಯುತ್ ವಿಭವವನ್ನು. ಚಿತ್ರದುರ್ಗದ ಮಗ್ಗುಲಲ್ಲೇ ತಾಮ್ರದ ಗಣಿ ನಡೆದ ಇಂಗಳದಾಳಿನದೂ ಸಲ್ಫೈಡ್ ಅದಿರೇ. ಅಲ್ಲಿಯ ನೆಲವೂ ಕಾನ್ರಾಡ್ ಅವರ ತಂತಿಗೆ ಇಂಥದೇ ಉತ್ತರ ಕೊಡುವ ಜಾತಿಯದು.

ಯುದ್ಧ ಬಂದಿತು. ಮೇಷ್ಟರು ಫಿರಂಗಿ ದಳದ ಅಧಿಕಾರಿಯಾಗಿ ನಾಲ್ಕು ವರ್ಷ ಕಳೆದರು. ಯುದ್ಧದಿಂದ ಮರಳಿದ ಕಾನ್ರಾಡ್ ಹಿಂಸೆಯನ್ನು ದ್ವೇಷಿಸುವ ಶಾಂತಿವಾದಿಯಾಗಿದ್ದರು, ಸಮಾಜವಾದದ ಕಡೆಗೂ ವಾಲಿದ್ದರು. ಶ್ರೀಮಂತ ಉದ್ಯಮಿಯ ಮಗ, ಮುಂದೆ ತೈಲ ಜಗತ್ತಿನ ಅತಿ ದೊಡ್ಡ ಸಂಸ್ಥೆಗಳಲ್ಲೊಂದರ ಮೂಲಪುರುಷ ಎನಿಸಿಕೊಂಡವರು ಮನಸ್ಸಿನಲ್ಲಿ ಸಮಾಜವಾದಿಯಾಗಿದ್ದದ್ದು ವಿಚಿತ್ರವೆನಿಸಬಹುದು. ಅವರ ಬದುಕಿನಲ್ಲಿ ಇದು ತೋರಿಕೆಯಾಗಿರಲಿಲ್ಲ ಎಂಬುದಕ್ಕೆ ಮುಂದಿನ ಘಟನೆಗಳೇ ಸಾಕ್ಷಿ.

1919ರ ನವೆಂಬರ್‌ನಲ್ಲಿ ತಂದೆ ಪಾಲ್ ತಮ್ಮ ಇಬ್ಬರು ಮಕ್ಕಳೊಂದಿಗೆ ಒಪ್ಪಂದವೊಂದನ್ನು ಮಾಡಿಕೊಂಡರು. ಭೂಗರ್ಭದ ಅಧ್ಯಯನಕ್ಕೆಂದು 5 ಲಕ್ಷ ಫ್ರಾಂಕುಗಳವರೆಗೆ ಹಣ ಒದಗಿಸುವುದಾಗಿಯೂ, ಆದರೆ ಈ ಕೆಲಸದಲ್ಲಿ ವಿಜ್ಞಾನದ ಹಿತ ಲಾಭದ ಹಿತಕ್ಕಿಂತ ಮೇಲಿರಬೇಕೆಂದೂ ಅದರಲ್ಲಿ ಬರೆಸಿದರು. ಕಾನ್ರಾಡ್ ವಿಜ್ಞಾನಿ, ಮಾರ್ಸೆಲ್ ಕೈಕಸುಬಿನ ಎಂಜಿನಿಯರ್. ಒಬ್ಬರು ಯೋಚಿಸಿದ್ದನ್ನು ಇನ್ನೊಬ್ಬರು ಉಪಕರಣವಾಗಿಸಬೇಕು ಎಂಬುದು ತಂದೆಯ ಲೆಕ್ಕಾಚಾರ. ನಮ್ಮಲ್ಲಿ ಮಕ್ಕಳ ಹೆಸರಿಗೆ ನಿವೇಶನ ಬರೆಸುವ ತಂದೆಯರು ಬೇಕಾದಷ್ಟಿದ್ದಾರೆ, ಸಂಶೋಧನೆ ಬರೆಸಿದವರು ವಿರಳ. 1920ರಲ್ಲಿ ಕಾನ್ರಾಡ್ ತಮ್ಮ ವಿಧಾನವನ್ನು ಪುಸ್ತಕವಾಗಿ ಪ್ರಕಟಿಸಿದರು. 1923ರಲ್ಲಿ ರುಮೇನಿಯಾದ ಆರಿಚೆಷ್ಟಿಯಲ್ಲಿ, ತೈಲವನ್ನು ಹಿಡಿದಿಟ್ಟುಕೊಂಡ ಉಪ್ಪಿನ ಗುಮ್ಮಟವೊಂದರ ಆಕಾರವನ್ನು ನೆಲದ ಮೇಲಿನ ಅಳತೆಗಳಿಂದಲೇ ಗುರುತಿಸಿದರು. ಅದೇ ವರ್ಷ ಅಧ್ಯಾಪನ ಬಿಟ್ಟು ಪೂರ್ಣಾವಧಿ ಇದಕ್ಕೇ ತೊಡಗಿಕೊಂಡರು ಎನ್ನುವಷ್ಟು ಕೆಲಸ ಹೆಚ್ಚತೊಡಗಿತು. 1926ರಲ್ಲಿ ವಿದ್ಯುತ್ ಅನ್ವೇಷಣೆಗೆಂದೇ ಸಹೋದರರು ಒಂದು ಸಂಸ್ಥೆ ಕಟ್ಟಿದರು. ಅದೇ ವರ್ಷ ತಂದೆ ತೀರಿಕೊಂಡರು.

ಇಲ್ಲಿಗೆ ನಿಂತಿದ್ದರೂ ಕಾನ್ರಾಡ್ ಅವರ ಹೆಸರು ಉಳಿಯುತ್ತಿತ್ತು. ಆದರೆ ಮೇಲಿನಿಂದ ನೋಡುವ ವಿಧಾನಕ್ಕೆ ಒಂದು ಮಿತಿಯಿದೆ. ಆಳ ಹೆಚ್ಚಿದಂತೆ ದೃಷ್ಟಿ ಮಸುಕಾಗುತ್ತದೆ. ತೆಳುವಾದ ಪದರಗಳು ಒಂದರೊಳಗೊಂದು ಕರಗಿ, ಅಳತೆಯಲ್ಲಿ ಸರಾಸರಿಯಷ್ಟೇ ಸಿಗುತ್ತದೆ. ಇತ್ತ ತೈಲಬಾವಿ ಕೊರೆಯುವವರಿಗೂ ತಾವು ಯಾವ ಶಿಲೆಯನ್ನು ಹಾದು ಹೋಗುತ್ತಿದ್ದೇವೆ ಎಂಬುದು ಸರಿಯಾಗಿ ತಿಳಿಯುತ್ತಿರಲಿಲ್ಲ. ಕೊರೆತದ ಕೆಸರಿನೊಂದಿಗೆ ಮೇಲೆ ಬರುವ ಕಲ್ಲಿನ ಚೂರುಗಳು ಯಾವ ಆಳದವೆಂದು ಖಚಿತವಾಗಿ ಹೇಳಲಾಗದು. ಇಡೀ ಶಿಲೆಯನ್ನು ಕಂಬದಂತೆ ಕತ್ತರಿಸಿ ಮೇಲೆತ್ತಬಹುದಿತ್ತು. ಅದು ನಿಧಾನ, ದುಬಾರಿ. ಅಗೆಯುವ ಮುನ್ನ ಬಳಸುತ್ತಿದ್ದ ವಿಧಾನವನ್ನೇ ಅಗೆದ ಬಾವಿಯೊಳಕ್ಕೆ ಇಳಿಸಿದರೆ ಹೇಗೆ?

ಕೇಳಲು ಸರಳವಾದ ಈ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕಾನ್ರಾಡ್ ಅವರ ಹುಟ್ಟೂರಿನ ಪ್ರಾಂತ್ಯದಲ್ಲೇ. ಯುದ್ಧದ ನಂತರ ಅಲ್ಸಾಸ್ ಮತ್ತೆ ಫ್ರಾನ್ಸಿಗೆ ಸೇರಿತ್ತು. ಅಲ್ಲಿಯ ಪೆಶೆಲ್ಬ್ರಾನ್ ಹಳೆಯ ತೈಲಕ್ಷೇತ್ರ. 1927ರ ಸೆಪ್ಟೆಂಬರ್ 5ರಂದು, ಕಾನ್ರಾಡ್ ಅವರ ಅಳಿಯ ಆನ್ರಿ ಡಾಲ್ ಇಬ್ಬರು ಸಂಗಡಿಗರೊಂದಿಗೆ ಡೀಫೆನ್‌ಬಾಕ್‌ನ 2905ನೇ ಬಾವಿಯ ಬಳಿ ನಿಂತರು. ಬೇಕಲೈಟ್ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ ಅದರ ಮೇಲೆ ಎಲೆಕ್ಟ್ರೋಡುಗಳನ್ನು ಕಟ್ಟಿದ ಉಪಕರಣ. ಅದನ್ನು ಇಳಿಸಲು ಕೈಯಿಂದ ತಿರುಗಿಸುವ ರಾಟೆ. ಅಳೆಯಲು ನೆಲದ ಮೇಲಿನ ಸರ್ವೇಕ್ಷಣೆಗೆ ಬಳಸುತ್ತಿದ್ದ ಅದೇ ಪೆಟ್ಟಿಗೆ. ಒಂದೊಂದು ಮೀಟರಿಗೂ ನಿಲ್ಲಿಸುವುದು, ಅಳೆಯುವುದು, ಬರೆದುಕೊಳ್ಳುವುದು, ಮುಂದಿನ ಮೀಟರಿಗೆ ಸಾಗುವುದು. ಬಳಿಕ ಅಂಕಿಗಳನ್ನು ಕಾಗದದ ಮೇಲೆ ಚುಕ್ಕಿಗಳಾಗಿ ಇಟ್ಟು, ಗೆರೆ ಎಳೆದರು. ಆಳಕ್ಕೆ ಅನುಗುಣವಾಗಿ ಎಡಕ್ಕೂ ಬಲಕ್ಕೂ ತೂಗಾಡುವ ಗೆರೆ. ಜಗತ್ತಿನ ಮೊದಲ ವಿದ್ಯುತ್ ಲಾಗ್ ಅದೇ.

ಒಂದು ಬಾವಿಯ ಗೆರೆಯಿಂದ ಹೆಚ್ಚೇನೂ ತಿಳಿಯದು. ಅದರ ಮಹತ್ವ ಗೊತ್ತಾದದ್ದು ಪಕ್ಕದ ಬಾವಿಗಳನ್ನೂ ಅಳೆದಾಗ. ಒಂದು ಬಾವಿಯ ಗೆರೆಯಲ್ಲಿ ಕಂಡ ಏರಿಳಿತ ಇನ್ನೊಂದರಲ್ಲಿ ಸ್ವಲ್ಪ ಮೇಲೆ ಅಥವಾ ಕೆಳಗೆ ಮತ್ತೆ ಕಾಣಿಸಿಕೊಂಡಿತು. ಅಂದರೆ ಅದೇ ಪದರ ಇಲ್ಲಿಂದ ಅಲ್ಲಿಗೆ ಓರೆಯಾಗಿ ಹಬ್ಬಿದೆ. ಬಾವಿಗಳನ್ನು ಹೀಗೆ ಒಂದಕ್ಕೊಂದು ಹೋಲಿಸುತ್ತ ಹೋದಂತೆ ನೆಲದಡಿಯ ನಕ್ಷೆ ತಾನಾಗಿ ರೂಪುಗೊಂಡಿತು. ಕಾನ್ರಾಡ್ ಈ ವಿಧಾನವನ್ನು ವಿದ್ಯುತ್ತಿನಿಂದ ಶಿಲೆಯ ಕಂಬ ತೆಗೆಯುವುದು ಎಂಬ ಅರ್ಥದ ಹೆಸರಿನಿಂದ ಕರೆದರು.

ಎಣ್ಣೆ ನೆಲದಡಿಯಲ್ಲಿ ಕೆರೆಯಂತೆ ನಿಂತಿರುತ್ತದೆ ಎಂಬ ಕಲ್ಪನೆ ನಮ್ಮಲ್ಲಿ ಈಗಲೂ ಇದೆ. ಅದು ಇರುವುದು ಮರಳುಗಲ್ಲಿನಂಥ ಶಿಲೆಯ ಕಣಗಳ ನಡುವಿನ ಸಣ್ಣ ಸಣ್ಣ ಸಂದುಗಳಲ್ಲಿ. ಆದ್ದರಿಂದ ತೈಲ ಎಂಜಿನಿಯರ್ ಕೇಳುವ ಪ್ರಶ್ನೆಗಳು ಮೂರು. ಶಿಲೆಯಲ್ಲಿ ಸಂದುಗಳ ಪಾಲೆಷ್ಟು? ಆ ಸಂದುಗಳು ಒಂದಕ್ಕೊಂದು ಕೂಡಿಕೊಂಡು ದ್ರವವನ್ನು ಹರಿಯಗೊಡುತ್ತವೆಯೇ? ಅವುಗಳಲ್ಲಿ ತುಂಬಿರುವುದು ಎಣ್ಣೆಯೋ ನೀರೋ? ಆಳದ ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುತ್ತದೆ, ಎಣ್ಣೆ ತಡೆಯುತ್ತದೆ. ಹೀಗಾಗಿ ಮರಳುಗಲ್ಲಿನ ಪದರದಲ್ಲಿ ರೋಧ ಇದ್ದಕ್ಕಿದ್ದಂತೆ ಏರಿದರೆ ಅಲ್ಲಿ ಎಣ್ಣೆಯ ಶಂಕೆ. 1931ರಲ್ಲಿ, ವಿದ್ಯುತ್ ಹರಿಸದೆ ಇದ್ದಾಗಲೂ ಬಾವಿಯೊಳಗೆ ಸಣ್ಣ ವಿಭವ ತಾನಾಗಿ ಕಾಣಿಸಿಕೊಳ್ಳುವುದನ್ನು ಅವರ ತಂಡ ಗಮನಿಸಿತು. ದ್ರವವನ್ನು ಹರಿಯಗೊಡುವ ಪದರಗಳನ್ನು ಜೇಡಿಪದರಗಳಿಂದ ಬೇರ್ಪಡಿಸಿ ತೋರಿಸಲು ಅದು ನೆರವಾಯಿತು. ಬೋರ್ ಗಣಿಯಲ್ಲಿ ಕಂಡಿದ್ದ ಸಂಗತಿಯೇ ಬೇರೆ ವೇಷದಲ್ಲಿ ಬಂದಿತ್ತು. ಸಂದುಗಳ ಪಾಲು ಮತ್ತು ಎಣ್ಣೆ-ನೀರಿನ ಪ್ರಮಾಣವನ್ನು ರೋಧದ ಅಳತೆಯಿಂದ ಲೆಕ್ಕ ಹಾಕುವ ಸೂತ್ರ ಬರಲು ಮಾತ್ರ 1942ರವರೆಗೆ ಕಾಯಬೇಕಾಯಿತು. ಅದನ್ನು ಕೊಟ್ಟವರು ಶೆಲ್ ಕಂಪನಿಯ ಎಂಜಿನಿಯರ್ ಗಸ್ ಆರ್ಚಿ.

ಕಾನ್ರಾಡ್ ಅದನ್ನು ನೋಡಲು ಇರಲಿಲ್ಲ. 1929ರಿಂದ ಅವರ ತಂಡಗಳು ವೆನೆಜುವೆಲಾ, ಅಮೆರಿಕ, ಸೋವಿಯತ್ ಒಕ್ಕೂಟಗಳಲ್ಲಿ ಹರಡಿದವು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಗ್ರೋಜ್ನಿ ಮತ್ತು ಬಾಕುಗಳ ಕೆಲಸವೇ ಸಂಸ್ಥೆಗೆ ಆಸರೆಯಾಯಿತು. ಸೋವಿಯತ್ ಪ್ರಯೋಗದ ಬಗ್ಗೆ ಅವರಿಗಿದ್ದ ಆಸ್ಥೆಯೂ ಅದಕ್ಕೆ ಕೂಡಿಕೊಂಡಿತ್ತು. ಅಲ್ಲಿನ ಎಂಜಿನಿಯರುಗಳೊಡನೆ ಕಲಿತು ಕಲಿಸುವ ಕೆಲಸ ಅವರಿಗೆ ವ್ಯಾಪಾರಕ್ಕಿಂತ ಹೆಚ್ಚಿನದಾಗಿತ್ತು. ಈ ಆಸ್ಥೆಯಲ್ಲಿ ಒಂದಿಷ್ಟು ಮುಗ್ಧತೆಯೂ ಇತ್ತೆಂದು ನನ್ನ ಅನಿಸಿಕೆ. 1936ರ ಮೇ ತಿಂಗಳಲ್ಲಿ ಮಾಸ್ಕೋದಿಂದ ಮನೆಗೆ ಮರಳುವ ದಾರಿಯಲ್ಲಿ, 9ರಂದು, ಸ್ಟಾಕ್‌ಹೋಮ್‌ನಲ್ಲಿ ಅವರು ಹಠಾತ್ತನೆ ತೀರಿಕೊಂಡರು. ಆಗ ಅವರಿಗೆ 57 ವರ್ಷ. ಅದೇ ವರ್ಷದ ಆಗಸ್ಟ್‌ನಲ್ಲಿ ಮಾಸ್ಕೋದ ಕುಖ್ಯಾತ ವಿಚಾರಣೆಗಳು ಆರಂಭವಾದವು. ಅಣ್ಣನ ಗೆಳೆಯ ಜೀದ್ ಅದೇ ಬೇಸಿಗೆಯಲ್ಲಿ ರಷ್ಯಾಕ್ಕೆ ಹೋಗಿ ಭ್ರಮನಿರಸನಗೊಂಡು ಮರಳಿದರು. ಕಾನ್ರಾಡ್ ಅವರಿಗೆ ಅಂಥ ನೋವು ಉಣ್ಣುವ ಪ್ರಸಂಗ ಬರಲಿಲ್ಲ. ಮಾರ್ಸೆಲ್ ತಾವು ಸಾಯುವವರೆಗೆ, ಅಂದರೆ 1953ರವರೆಗೆ, ಸಂಸ್ಥೆಯನ್ನು ನಡೆಸಿದರು. ಕಾನ್ರಾಡ್ ಅವರ ಮಗಳು ಡೊಮಿನಿಕ್ ದ ಮೆನಿಲ್ ಅಮೆರಿಕದ ಹ್ಯೂಸ್ಟನ್‌ನಲ್ಲಿ ಕಟ್ಟಿದ ಕಲಾಸಂಗ್ರಹಾಲಯ ಜಗತ್ಪ್ರಸಿದ್ಧ.

ಇನ್ನು ನಮ್ಮ ಜಿಲ್ಲೆಯ ಮಾತು. ಚಳ್ಳಕೆರೆಯನ್ನು ಎಣ್ಣೆ ನಗರ ಎನ್ನುವುದುಂಟು, ಆದರೆ ಅದು ಕಡಲೆಕಾಯಿ ಎಣ್ಣೆಯಿಂದ ಬಂದ ಬಿರುದು. ನಮ್ಮ ನೆಲದಡಿಯಲ್ಲಿ ಪೆಟ್ರೋಲಿಯಂ ಇರಲಾರದು. ಎಣ್ಣೆ ಹುಟ್ಟುವುದು ಜೀವಿಗಳ ಅವಶೇಷ ಬೆರೆತ ಜಲಜ ಶಿಲೆಗಳಲ್ಲಿ. ಚಿತ್ರದುರ್ಗದ ಶಿಲೆಗಳೋ ಸುಮಾರು 250 ಕೋಟಿ ವರ್ಷ ಮತ್ತು ಅದಕ್ಕೂ ಹಳೆಯವು, ಬೆಂದು ನುಗ್ಗಾದವು. ಮರಡಿಹಳ್ಳಿಯಲ್ಲಿ ಸಮುದ್ರದಡಿಯಲ್ಲಿ ಉಕ್ಕಿ ದಿಂಬಿನಾಕಾರದಲ್ಲಿ ಹೆಪ್ಪುಗಟ್ಟಿದ ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾಗಿದೆ. ಇಂಥ ಕಗ್ಗಲ್ಲಿನಲ್ಲಿ ಕಣಗಳ ನಡುವೆ ಸಂದುಗಳೇ ಇಲ್ಲವೆನ್ನಬಹುದು. ನೀರಿರುವುದು ಎರಡೇ ಕಡೆ: ಮೇಲ್ಭಾಗದ ಶಿಥಿಲ ಶಿಲೆಯಲ್ಲಿ, ಮತ್ತು ಕೆಳಗಿನ ಬಿರುಕುಗಳಲ್ಲಿ. ರಿಗ್‌ನವರ ಭಾಷೆಯಲ್ಲಿ ಬಿರುಕೆಂದರೆ ಗ್ಯಾಪ್.

ಹೀಗಾಗಿ ಕಾನ್ರಾಡ್ ಅವರ ಗೆರೆಯನ್ನು ಇಲ್ಲಿ ತಲೆಕೆಳಗಾಗಿ ಓದಬೇಕು. ತೈಲಕ್ಷೇತ್ರದಲ್ಲಿ ರೋಧ ಏರಿದರೆ ಸಂತೋಷ. ಹೊಳಲ್ಕೆರೆಯಲ್ಲಿ ರೋಧ ಇಳಿದರೆ ಸಂತೋಷ. ಕಗ್ಗಲ್ಲಿನ ರೋಧಶೀಲತೆ ಸಾವಿರಾರು ಓಮ್-ಮೀಟರ್. ನೀರು ತುಂಬಿದ ಶಿಥಿಲ ಶಿಲೆಯದು ಕೆಲವು ಹತ್ತುಗಳಿಂದ ಒಂದೆರಡು ನೂರು. ಆದರೆ ಜೇಡಿಮಣ್ಣೂ ರೋಧವನ್ನು ಇಳಿಸುತ್ತದೆ, ಇಂಗಳದಾಳಿನಲ್ಲಿರುವಂಥ ಸಲ್ಫೈಡ್ ಅದಿರೂ ಇಳಿಸುತ್ತದೆ. ಅಂಕಿ ಕಡಿಮೆ ಬಂದ ಮಾತ್ರಕ್ಕೆ ನೀರಿದೆ ಎನ್ನುವಂತಿಲ್ಲ. ಇದಕ್ಕಿಂತ ದೊಡ್ಡ ತೊಡಕು ಆಳದ್ದು. ಮೇಲಿನ ಶಿಥಿಲ ಪದರ ಬತ್ತಿದ ಮೇಲೆ ನಮ್ಮ ರೈತ ಹುಡುಕುತ್ತಿರುವುದು 700-800 ಅಡಿ ಕೆಳಗಿರಬಹುದಾದ, ಗೇಣಗಲವೂ ಇಲ್ಲದ ಬಿರುಕನ್ನು. ಅದನ್ನು ನೆಲದ ಮೇಲಿನ ನಾಲ್ಕು ಗೂಟಗಳು ಕಾಣಲಾರವು. ಇದು ಭೂವಿಜ್ಞಾನಿಯ ಅಸಾಮರ್ಥ್ಯವಲ್ಲ, ವಿಧಾನದ ಮಿತಿ. ಈ ಮಿತಿಯ ಕಾರಣದಿಂದಲೇ ಕಾನ್ರಾಡ್ ಬಾವಿಯೊಳಕ್ಕೆ ಇಳಿದದ್ದು. ಸರ್ವೆ ಮಾಡಿಸಿಯೂ ನೀರು ಬೀಳದಿದ್ದಾಗ ಅದೂ ಅಷ್ಟೇ, ಅಂಗೈಯ ತೆಂಗಿನಕಾಯಿಯೂ ಅಷ್ಟೇ ಎಂದು ರೈತ ಬೇಸರಪಡುವುದನ್ನು ನಾನು ಎಷ್ಟೋ ಬಾರಿ ಕೇಳಿದ್ದೇನೆ. ಆ ಬೇಸರವನ್ನು ತಪ್ಪೆನ್ನಲಾರೆ.

ಬೋರ್ ಕೊರೆಯುವುದು ನೋಡಿದವರಿಗೆ ಗೊತ್ತು. ಕಂಪ್ರೆಸರ್‌ನ ಅಬ್ಬರದಲ್ಲಿ ಕಲ್ಲುಪುಡಿ ಮೇಲೆ ಹಾರುತ್ತದೆ. ರಾಡಿನ ಮೇಲೆ ರಾಡು ಸೇರುತ್ತದೆ. ಪುಡಿಯ ಬಣ್ಣ ಕೆಂಪಿನಿಂದ ಬೂದಿಗೆ, ಬೂದಿಯಿಂದ ಕಪ್ಪಿಗೆ ತಿರುಗುತ್ತದೆ. ಎಲ್ಲೋ ಒಮ್ಮೆ ಪುಡಿ ಒದ್ದೆಯಾಗುತ್ತದೆ, ಇಲ್ಲವೇ ಆಗುವುದಿಲ್ಲ. ಬೆಳಗಾಗುವಷ್ಟರಲ್ಲಿ ರಿಗ್ ಮುಂದಿನ ಊರಿಗೆ ಹೊರಟಿರುತ್ತದೆ. ರೈತನ ಕೈಯಲ್ಲಿ ಉಳಿಯುವ ಬಿಲ್ಲಿನಲ್ಲಿ ಕೊರೆದ ಅಡಿಗಳ ಲೆಕ್ಕವೂ ಕೇಸಿಂಗ್ ಪೈಪಿನ ಲೆಕ್ಕವೂ ಇರುತ್ತವೆ, ಶಿಲೆಯ ಲೆಕ್ಕವಿರುವುದಿಲ್ಲ. ಸಾಲ ಮಾಡಿ ಪಡೆದ ಆ ಮಾಹಿತಿ ಕಲ್ಲುಪುಡಿಯ ಗುಡ್ಡೆಯೊಂದಿಗೆ ಮೊದಲ ಮಳೆಗೇ ಕೊಚ್ಚಿಹೋಗುತ್ತದೆ. ನೂರು ಗಜ ಆಚೆ ಪಕ್ಕದ ಹೊಲದವನು ಮತ್ತೆ ಕುರುಡನಂತೆ ಮೊದಲಿನಿಂದ ಕೊರೆಸುತ್ತಾನೆ. 2016ರ ಆಸುಪಾಸಿನ ಸತತ ಬರಗಾಲದಲ್ಲಿ ಹಿರಿಯೂರು, ಹೊಸದುರ್ಗಗಳ ತೆಂಗು-ಅಡಿಕೆ ತೋಟಗಳು ಒಣಗಿ ಸುಳಿ ಬಿದ್ದಾಗ ಇದೇ ನಡೆಯಿತು. 89 ವರ್ಷಗಳ ಬಳಿಕ, 2022ರಲ್ಲಿ, ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಈ ಸಂಕಟ ಮರೆತಂತಾಯಿತು. ಮುಂದಿನ ಬರ ಬಂದಾಗ ಮತ್ತೆ ರಿಗ್‌ಗಳು ಸಾಲುಗಟ್ಟುತ್ತವೆ.

ಪೆಶೆಲ್ಬ್ರಾನ್‌ನ ಪದರಗಳಂತೆ ನಮ್ಮ ಶಿಲೆಗಳು ಚಾಪೆ ಹಾಸಿದಂತೆ ಹಬ್ಬಿಲ್ಲ ಎಂಬ ಆಕ್ಷೇಪಣೆ ಬರಬಹುದು. ಅದು ನ್ಯಾಯವಾದದ್ದೇ. ಚಿತ್ರದುರ್ಗದ ಪದರುಶಿಲೆಗಳು ಬಹುತೇಕ ನೆಟ್ಟಗೆ ನಿಂತಿವೆ; ನಿಮ್ಮ ಬಾವಿಯ ದಾಖಲೆ ನಿಮ್ಮ ನೆರೆಯವನ ಬಾವಿಗೆ ಹಾಗೆಯೇ ಅನ್ವಯಿಸದು. ಆದರೂ ಶಿಥಿಲ ಪದರ ಎಷ್ಟು ಆಳದವರೆಗಿದೆ, ಬಿರುಕುಗಳು ಯಾವ ಆಳದಲ್ಲಿ ಹೆಚ್ಚು, ಯಾವ ದಿಕ್ಕಿಗೆ ಸಾಗಿವೆ, ಯಾವ ಆಳದಿಂದಾಚೆ ಕೊರೆಯುವುದು ಹಣ ಸುರಿದಂತೆ ಎಂಬುದನ್ನು ಒಂದು ಊರಿನ 100 ಬಾವಿಗಳ ದಾಖಲೆ ಹೇಳಬಲ್ಲುದು. ನೆರೆಯ ತುಮಕೂರು ಜಿಲ್ಲೆಯ ಅಂಕಸಂದ್ರ ಜಲಾನಯನದಲ್ಲಿ ಕೇಂದ್ರ ಅಂತರ್ಜಲ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಹೆಲಿಕಾಪ್ಟರಿನಿಂದಲೇ ನೆಲದಡಿಯ ವಿದ್ಯುತ್ ಗುಣವನ್ನು ಅಳೆದು ನೋಡಿವೆ. ಆಕಾಶದಿಂದ ಪಡೆದ ಅಂಥ ಅಳತೆಯನ್ನೂ ಸರಿಯೋ ತಪ್ಪೋ ಎಂದು ತಾಳೆ ನೋಡಲು ಕಡೆಗೆ ಬೇಕಾಗುವುದು ಕೊರೆದ ಬಾವಿಯ ದಾಖಲೆಯೇ.

ಪ್ರತಿ ಬೋರಿಗೂ ಉಪಕರಣ ಇಳಿಸುವುದು ದುಬಾರಿಯಾದೀತು. ಊರಿಗೆ ಎರಡು-ಮೂರು ಬಾವಿಗಳಲ್ಲಿ, ಅದರಲ್ಲೂ ವಿಫಲವಾದವುಗಳಲ್ಲಿ, ಇಳಿಸಿದರೂ ಸಾಕು. ಉಳಿದವಕ್ಕೆ ಒಂದು ಹಾಳೆ ಕಾಗದ. ರಾಜ್ಯದ ಅಂತರ್ಜಲ ಕಾಯಿದೆ 2011ರಿಂದಲೇ ಇದೆ. ರಿಗ್‌ಗಳು ನೋಂದಣಿಯಾಗಬೇಕೆಂದು ಅದು ಹೇಳುತ್ತದೆ. ನೋಂದಾಯಿತ ರಿಗ್‌ನ ಬಿಲ್ಲಿನ ಹಿಂಬದಿಯಲ್ಲಿ ಇಷ್ಟು ಬರೆದರೆ ಆಯಿತು: ಸರ್ವೆ ನಂಬರ್, ಕೇಸಿಂಗ್ ಎಷ್ಟು ಅಡಿಗೆ ನಿಂತಿತು, ಪುಡಿಯ ಬಣ್ಣ ಯಾವ ಯಾವ ಅಡಿಯಲ್ಲಿ ಬದಲಾಯಿತು, ಗ್ಯಾಪ್ ಎಲ್ಲಿ ಸಿಕ್ಕಿತು, ಎಷ್ಟು ಇಂಚು ನೀರು ಬಿತ್ತು. ನೀರು ಬೀಳದಿದ್ದರೆ ಬೀಳಲಿಲ್ಲ ಎಂದು. ಒಂದು ಪ್ರತಿ ರೈತನಿಗೆ, ಒಂದು ಗ್ರಾಮ ಪಂಚಾಯಿತಿಗೆ, ಇನ್ನೊಂದು ಜಿಲ್ಲಾ ಅಂತರ್ಜಲ ಕಚೇರಿಗೆ.